ಕೇಳಿಸುತ್ತದೆ, ದಾಖಲಾಗುವುದಿಲ್ಲ

ಗೋಜಲು

ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ ಮೇಲೆ ಎಲ್ಲರೂ ಪರೀಕ್ಷಿಸುವ ಸಂಗತಿಗಳು ಹೆಚ್ಚುಕಡಿಮೆ ಒಂದೇ. ವೈಫೈ ಸಿಗುತ್ತಿದೆಯೇ, ಪ್ರಿಂಟರ್ ಮಾತು ಕೇಳುತ್ತಿದೆಯೇ, ಕನ್ನಡ ಕೀಲಿಮಣೆ ಇದ್ದಲ್ಲೇ ಇದೆಯೇ, ಹಾಡು ಹಾಕಿದರೆ ಸದ್ದು ಬರುತ್ತದೆಯೇ. ಸದ್ದು ಬಂತೋ, ಆಡಿಯೋ ಪಾಸು. ಆ ಸದ್ದನ್ನು ಕಂಪ್ಯೂಟರಿನೊಳಗೇ ಹಿಡಿದಿಡಲು ಆಗುತ್ತದೆಯೇ ಎಂದು ಯಾರೂ ನೋಡುವುದಿಲ್ಲ. ಅದು ಗೊತ್ತಾಗುವುದು ಬೇಕಾದ ದಿನವೇ. ಅಂದು ಕೆಂಪು ಗುಂಡಿ ಒತ್ತಿದರೆ ಸೆಕೆಂಡುಗಳು ಓಡುತ್ತವೆ, ಸ್ಪೀಕರಿನಲ್ಲಿ ಸಂಗೀತ ಸ್ಪಷ್ಟವಾಗಿ ಕೇಳಿಸುತ್ತದೆ, ಪರದೆಯ ಮೇಲಿನ ಗೆರೆ ಮಾತ್ರ ಮಿಸುಕುವುದಿಲ್ಲ.

ಸದ್ದು ಹೊರಡುತ್ತಿರುವುದು ಈ ಯಂತ್ರದಿಂದ, ಬರೆದಿಡಬೇಕಾದದ್ದೂ ಈ ಯಂತ್ರವೇ. ನಡುವೆ ಗಾಳಿಯಿಲ್ಲ, ತಂತಿಯಿಲ್ಲ, ಬೇರೊಂದು ಸಾಧನವಿಲ್ಲ. ಎಲ್ಲೋ ಕೋಣೆಯಲ್ಲಿ ಕೆಮ್ಮಿದ್ದನ್ನು ಮೈಕಿನಿಂದ ಹಿಡಿಯಬಲ್ಲ ಯಂತ್ರಕ್ಕೆ ತಾನೇ ನುಡಿಸಿದ್ದನ್ನು ಹಿಡಿಯಲು ಏಕೆ ಬಾರದು? ನಿನ್ನೆಯವರೆಗೆ ಬರುತ್ತಿದ್ದರೆ, ಹೊಸ ಆವೃತ್ತಿ ಬಂದ ಮಾತ್ರಕ್ಕೆ ಅದೊಂದೇ ಏಕೆ ಮರೆತುಹೋಗಬೇಕು?

ರಿಪೇರಿ ಅಂಗಡಿಯ ಹುಡುಗನಿಗೆ ತೋರಿಸಿದರೆ, "ಸೌಂಡ್ ಬರ್ತಿದೆಯಲ್ಲ ಸಾರ್, ಇನ್ನೇನ್ ಬೇಕು?" ಅಂದ. ಆ ಮಾತನ್ನು ಹಾಗೇ ಬರೆದಿಟ್ಟುಕೊಂಡಿದ್ದೇನೆ. ಆಪರೇಟಿಂಗ್ ಸಿಸ್ಟಂ ಮಾಡುವವರ ಲೆಕ್ಕವೂ ಇದೇ ಇರಬಹುದೆಂಬ ಗುಮಾನಿ.

ಪ್ರಶ್ನೆಗಳಷ್ಟೇ ಉಳಿದ ಸಂದರ್ಶನ

ಜಾನಪದದ ಕೆಲಸ ಮಾಡುವ ಗೆಳತಿಯೊಬ್ಬಳು ಸೋಬಾನೆ ಹಾಡುವ ಹಿರಿಯರನ್ನು ವಿಡಿಯೋ ಕರೆಯಲ್ಲಿ ಮಾತನಾಡಿಸಿ ದಾಖಲಿಸುತ್ತಾಳೆ. ಲ್ಯಾಪ್‌ಟಾಪ್ ಹೊಸ ಆವೃತ್ತಿಗೆ ಏರಿದ ಮೇಲೆ ಮಾಡಿದ ಸಂದರ್ಶನವೊಂದನ್ನು ನನಗೆ ಕೇಳಿಸಿದಳು. "ಅಜ್ಜಿ, ಈ ಹಾಡು ಯಾರು ಕಲಿಸಿದ್ದು?" ಎಂಬ ಪ್ರಶ್ನೆ. ಆಮೇಲೆ ಸೀಲಿಂಗ್ ಫ್ಯಾನಿನ ಸದ್ದು. ಆಮೇಲೆ ಇವಳದೇ "ಹೌದಾ!" ಎಂಬ ಉದ್ಗಾರ. ಮತ್ತೆ ಫ್ಯಾನು. ಕರೆಯುದ್ದಕ್ಕೂ ಹೀಗೇ. ಇವಳ ಕಿವಿಯಲ್ಲಿ ಹೆಡ್‌ಫೋನ್ ಇದ್ದುದರಿಂದ ಅಜ್ಜಿಯ ದನಿ ಕೋಣೆಯೊಳಗೆ ಬಂದೇ ಇರಲಿಲ್ಲ, ಮೈಕಿಗೆ ಸಿಕ್ಕಲಿಲ್ಲ.

ಅಂದರೆ ರೆಕಾರ್ಡಿಂಗ್ ಕೆಟ್ಟಿರಲಿಲ್ಲ. ಅದು ಒಂದು ಬದಿಯಿಂದ ಮಾತ್ರ ಆಗಿತ್ತು. ಕಂಪ್ಯೂಟರಿನ ಮಟ್ಟಿಗೆ ಒಳಬರುವ ಸದ್ದು ಬೇರೆ, ಹೊರಹೋಗುವ ಸದ್ದು ಬೇರೆ. ಇವಳ ದನಿ ಒಳಬರುವುದು. ಅಜ್ಜಿಯ ದನಿ ಎಷ್ಟೋ ದೂರದಿಂದ ಬಂದಿದ್ದರೂ, ಲ್ಯಾಪ್‌ಟಾಪಿನ ಸೌಂಡ್ ವ್ಯವಸ್ಥೆಗೆ ಅದು ಹೊರಹೋಗುವುದೇ. ರೆಕಾರ್ಡ್ ಎಂದರೆ ಒಳಬರುವುದನ್ನು ಬರೆದಿಡುವುದು ಎಂದು ಅದು ತಿಳಿದುಕೊಂಡಿದೆ. ಹೊರಹೋಗುವುದನ್ನು ತಿರುಗಿಸಿ ಒಳಕ್ಕೆ ತರಲು ಯಾರಾದರೂ ಪ್ರತ್ಯೇಕ ದಾರಿ ಮಾಡಬೇಕು. ಹಳೆಯ ಆವೃತ್ತಿಯಲ್ಲಿ ಅಂಥ ದಾರಿಯೊಂದು ಇತ್ತು. ಅದನ್ನು ಮಾಡಿದವರು ಯಾರು, ಮುಚ್ಚಿದವರು ಯಾರು? ಇಲ್ಲಿಂದ ನನ್ನ ಪತ್ತೇದಾರಿ ಶುರು.

ಟೂ ಇನ್ ಒನ್

ಎಂಬತ್ತರ ದಶಕದಲ್ಲಿ ಮನೆಮನೆಯಲ್ಲಿದ್ದ ಟೂ ಇನ್ ಒನ್ ಈ ವಿಷಯದಲ್ಲಿ ಬಹಳ ಸರಳ. ರೇಡಿಯೋದಲ್ಲಿ ಕಛೇರಿ ಬರುತ್ತಿದೆ, ಖಾಲಿ ಕ್ಯಾಸೆಟ್ ಹಾಕಿ ಪ್ಲೇ ಮತ್ತು ರೆಕಾರ್ಡ್ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಆಯಿತು. ರೇಡಿಯೋ ಭಾಗದಿಂದ ಟೇಪಿನ ಭಾಗಕ್ಕೆ ಒಳಗೇ ತಂತಿ ಎಳೆದಿರುತ್ತಿದ್ದರು. ಮನೆಯಲ್ಲಿ ಕುಕ್ಕರ್ ಕೂಗಿದರೂ ಟೇಪಿಗೆ ಬೀಳುತ್ತಿರಲಿಲ್ಲ.

ಗಮನಿಸಬೇಕಾದದ್ದು: ಅಲ್ಲಿ ತನ್ನ ಸದ್ದನ್ನು ತಾನೇ ಹಿಡಿಯುವುದು ಮಾರಾಟದ ಗುಣ. ಪೆಟ್ಟಿಗೆಯ ಹೆಸರಿನಲ್ಲೇ ಆ ಭರವಸೆ ಇತ್ತು. ಕಂಪ್ಯೂಟರನ್ನು ಕೊಳ್ಳುವಾಗ ಅಂಥ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ. ಆದರೂ ಬಹುಕಾಲ ಆ ಸೌಲಭ್ಯ ಸಿಕ್ಕಿತು. ಹೇಗೆ?

ಐದನೇ ನಂಬರು

ಉತ್ತರ ಒಂದು ಹಳೆಯ ಹಾರ್ಡ್‌ವೇರ್ ದಾಖಲೆಯಲ್ಲಿದೆ. ಇಂಟೆಲ್ 1997ರಲ್ಲಿ ಎಸಿ 97 ಎಂಬ ಆಡಿಯೋ ಮಾನದಂಡವನ್ನು ರೂಪಿಸಿತು. ಮುಂದೆ ಬಂದ ಅಸಂಖ್ಯ ಮದರ್‌ಬೋರ್ಡುಗಳ ಸೌಂಡ್ ಚಿಪ್ಪು ಇದನ್ನೇ ಅನುಸರಿಸಿತು. ಯಾವ ಮೂಲದಿಂದ ರೆಕಾರ್ಡ್ ಮಾಡಬೇಕೆಂದು ಆರಿಸಲು ಆ ಚಿಪ್ಪಿನೊಳಗೆ ಸೊನ್ನೆಯಿಂದ ಏಳರವರೆಗೆ ಆಯ್ಕೆಗಳಿದ್ದವು. ಸೊನ್ನೆ ಎಂದರೆ ಮೈಕು, 1 ಸಿಡಿ, 2 ವಿಡಿಯೋ, 3 ಆಕ್ಸ್, 4 ಲೈನ್ ಇನ್, 5 ಸ್ಟೀರಿಯೋ ಮಿಕ್ಸ್, 6 ಮೋನೋ ಮಿಕ್ಸ್, 7 ಫೋನು.

ಆ ಐದನೆಯದೇ ನಮಗೆ ಬೇಕಾದ ದಾರಿ. ಚಿಪ್ಪಿನೊಳಗೆ ಎಲ್ಲ ಸದ್ದುಗಳೂ ಸೇರುವ ಜಾಗದಿಂದ ಒಂದು ಕವಲು ತೆಗೆದು ರೆಕಾರ್ಡಿಂಗ್ ಬದಿಗೆ ಕೊಟ್ಟಿದ್ದರು. ವಿಂಡೋಸ್ ಎಕ್ಸ್‌ಪಿ ಬಳಸಿದವರಿಗೆ ವಾಲ್ಯೂಮ್ ಕಂಟ್ರೋಲಿನಲ್ಲಿ ಆ ಹೆಸರು ನೆನಪಿರಬಹುದು. ಸೌಂಡ್ ಬ್ಲಾಸ್ಟರ್ ಕಾರ್ಡುಗಳಲ್ಲಿ ಅದನ್ನೇ 'ವಾಟ್ ಯು ಹಿಯರ್' ಎಂದು ಕರೆಯುತ್ತಿದ್ದರು. ಎರಡು ಸಲ ಒತ್ತಿ, ಒಂದು ಚೌಕಕ್ಕೆ ಗುರುತು ಹಾಕಿದರೆ ಸಾಕಿತ್ತು.

ಈ ಸೌಲಭ್ಯವನ್ನು ಕೊಟ್ಟದ್ದು ಆಪರೇಟಿಂಗ್ ಸಿಸ್ಟಂ ಅಲ್ಲ. ಚಿಪ್ಪಿನಲ್ಲಿತ್ತು, ಡ್ರೈವರ್ ತೋರಿಸಿತು, ಸಿಸ್ಟಂ ಸುಮ್ಮನಿತ್ತು. ಮುಂಬಾಗಿಲಲ್ಲ, ಹಿತ್ತಲ ಬಾಗಿಲು. ನಾವು ದಿನಾ ಓಡಾಡಿ ಅದನ್ನೇ ಮನೆಯ ದಾರಿ ಎಂದುಕೊಂಡಿದ್ದೆವು.

ವಿಸ್ಟಾ ಬಂದಾಗ

2007ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಜನಸಾಮಾನ್ಯರ ಕೈಗೆ ಬಂತು. ಅದರಲ್ಲಿ ಆಡಿಯೋ ವ್ಯವಸ್ಥೆಯನ್ನು ಬುಡದಿಂದ ಹೊಸದಾಗಿ ಕಟ್ಟಿದ್ದರು. ಅದುವರೆಗೆ ಸದ್ದುಗಳನ್ನು ಬೆರೆಸುವ ಕೆಲಸ ಕರ್ನಲ್ ಒಳಗೆ, ಅಂದರೆ ಸಿಸ್ಟಂನ ಗರ್ಭಗುಡಿಯಲ್ಲಿ ನಡೆಯುತ್ತಿತ್ತು. ವಿಸ್ಟಾ ಅದನ್ನು ಸಾಮಾನ್ಯ ತಂತ್ರಾಂಶಗಳು ಓಡುವ ಹೊರ ಆವರಣಕ್ಕೆ ತಂದಿತು. ಆಡಿಯೋ ಡ್ರೈವರ್ ತಪ್ಪಿದರೆ ಇಡೀ ಕಂಪ್ಯೂಟರೇ ಬೀಳುವ ಅಪಾಯ ಕಡಿಮೆಯಾಗಲಿ ಎಂಬುದು ಒಂದು ಕಾರಣ. ಕಾರಣ ಒಳ್ಳೆಯದೇ.

ಆದರೆ ರೆಕಾರ್ಡಿಂಗ್ ಪಟ್ಟಿಯನ್ನು ತೆರೆದವರಿಗೆ ಸ್ಟೀರಿಯೋ ಮಿಕ್ಸ್ ಕಾಣಲಿಲ್ಲ. ಕೆಲವು ಕಂಪ್ಯೂಟರುಗಳಲ್ಲಿ ಡ್ರೈವರೇ ಅದನ್ನು ಕೊಡಲಿಲ್ಲ. ಹಲವು ಕಡೆ ಇತ್ತು, ಆದರೆ ನಿಷ್ಕ್ರಿಯ. ನಿಷ್ಕ್ರಿಯವಾದವನ್ನು ಪಟ್ಟಿಯಲ್ಲಿ ತೋರಿಸಬಾರದು ಎಂಬುದು ಮೂಲ ಸೆಟ್ಟಿಂಗು. ಪಟ್ಟಿಯ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ, ನಿಷ್ಕ್ರಿಯ ಸಾಧನಗಳನ್ನೂ ತೋರಿಸು ಎಂದು ಹೇಳಬೇಕು. ಖಾಲಿ ಜಾಗದ ಮೇಲೆ ಒತ್ತಿ ನೋಡಬೇಕೆಂದು ಮೊದಲು ಕಂಡುಹಿಡಿದವರು ಯಾರೋ, ಅವರಿಗೆ ನಮಸ್ಕಾರ.

ತಮಾಷೆಯೆಂದರೆ, ಹಳೆಯ ದಾರಿ ಮರೆಯಾದ ಆ ವಿಸ್ಟಾದಲ್ಲೇ ಅದಕ್ಕಿಂತ ಉತ್ತಮವಾದ ಇನ್ನೊಂದು ದಾರಿ ತೆರೆದಿತ್ತು. ವಸಾಪಿ ಎಂಬ ಹೊಸ ಆಡಿಯೋ ವ್ಯವಸ್ಥೆಯ ಲೂಪ್‌ಬ್ಯಾಕ್ ವಿಧಾನ. ಸೌಂಡ್ ಚಿಪ್ಪಿನಲ್ಲಿ ಕವಲು ಇರಲಿ ಬಿಡಲಿ, ಸ್ಪೀಕರಿಗೆ ಹೋಗುವ ಅಂಕಿಗಳನ್ನೇ ಅದು ನಕಲು ಮಾಡಿ ಕೊಡುತ್ತದೆ. ಡಿಜಿಟಲ್‌ನಿಂದ ಅನಲಾಗ್, ಮತ್ತೆ ಡಿಜಿಟಲ್ ಎಂಬ ಸುತ್ತಾಟವಿಲ್ಲದ್ದರಿಂದ ಸದ್ದು ಇನ್ನೂ ಶುದ್ಧ. ಆದರೆ ತಂತ್ರಾಂಶ ಬರೆಯುವವರು ಕೇಳಿದರೆ ಮಾತ್ರ ಸಿಗುವಂಥದ್ದು ಅದು. ಬಳಕೆದಾರ ತಾನೇ ಆರಿಸಿಕೊಳ್ಳುವ ಹೆಸರಾಗಿ ಸಾಧನಗಳ ಪಟ್ಟಿಯಲ್ಲಿ ಬರಲಿಲ್ಲ. ಹಳೆಯ ಬಾಗಿಲಿಗೆ ಬೀಗ ಬಿದ್ದದ್ದು ಎಲ್ಲರಿಗೂ ಕಂಡಿತು, ಹೊಸದು ತೆರೆದದ್ದು ಪ್ರೋಗ್ರಾಮರುಗಳಿಗಷ್ಟೇ ಕಂಡಿತು.

ಮೌನದ ಬಗೆಗಳು

ರೆಕಾರ್ಡ್ ಆಗಲಿಲ್ಲ ಎನ್ನುವ ಕಡತಗಳನ್ನು ಆಡಾಸಿಟಿ ಎಂಬ ಸದ್ದು ತಿದ್ದುವ ತಂತ್ರಾಂಶದಲ್ಲಿ ತೆರೆದು ನೋಡುವ ಚಟ ಅಂಟಿಕೊಂಡಿದೆ. ಎಲ್ಲವೂ ಒಂದೇ ತೆರನಾಗಿ ಖಾಲಿ ಇರುವುದಿಲ್ಲ.

ಮೊದಲನೆಯದು ಗೀಟು ಎಳೆದಂತಹ ನೇರ ಗೆರೆ. ಎಷ್ಟು ಹಿಗ್ಗಿಸಿದರೂ ಅಲುಗಾಟವಿಲ್ಲ. ಅಂದರೆ ಬಂದ ಅಂಕಿಗಳೆಲ್ಲ ಸೊನ್ನೆ. ನಿಜವಾದ ಯಾವ ಮೈಕೂ ಇಷ್ಟು ಮೌನವಾಗಿರಲಾರದು. ಇಲ್ಲಿ ಎರಡು ಸಾಧ್ಯತೆ: ಅನುಮತಿ ಇಲ್ಲದ್ದಕ್ಕೆ ಸಿಸ್ಟಂ ಸೊನ್ನೆಗಳನ್ನು ಕೊಟ್ಟು ಕೈತೊಳೆದುಕೊಂಡಿದೆ, ಇಲ್ಲವೇ ನಾವು ಕಿವಿಗೊಟ್ಟಿರುವ ಔಟ್‌ಪುಟ್‌ನಲ್ಲಿ ಏನೂ ನುಡಿಯುತ್ತಿಲ್ಲ.

ಎರಡನೆಯದು ನವಿರಾದ ನಡುಕವಿರುವ ಗೆರೆ. ವಾಲ್ಯೂಮ್ ಏರಿಸಿದರೆ ಫ್ಯಾನು, ಕೀಲಿಮಣೆಯ ಟಕಟಕ, ಬೀದಿಯಲ್ಲಿ ತರಕಾರಿಯವನ ಕೂಗು. ರೆಕಾರ್ಡಿಂಗ್ ಚೆನ್ನಾಗಿಯೇ ಆಗಿದೆ, ಮೂಲ ಮಾತ್ರ ಮೈಕು. ಗೆಳತಿಯ ಕಡತ ಈ ಜಾತಿಯದು.

ಮೂರನೆಯದಕ್ಕೆ ಗೆರೆಯೇ ಇಲ್ಲ. ರೆಕಾರ್ಡ್ ಒತ್ತಿದರೂ ಸಮಯ ಮುಂದೆ ಹೋಗುವುದಿಲ್ಲ. ವಿಂಡೋಸ್ ಲೂಪ್‌ಬ್ಯಾಕಿನ ಗುಣವಿದು. ಯಾವ ತಂತ್ರಾಂಶವೂ ಸದ್ದು ಕಳಿಸದೇ ಇರುವಾಗ ಅದು ಮೌನವನ್ನೂ ಕೊಡುವುದಿಲ್ಲ, ಏನನ್ನೂ ಕೊಡುವುದಿಲ್ಲ. ಹಾಡು ಶುರುವಾದೊಡನೆ ಓಡತೊಡಗುತ್ತದೆ. ಹೀಗಾಗಿ ಎರಡು ತುಣುಕುಗಳ ನಡುವಿನ ಬಿಡುವು ಕಡತದಲ್ಲಿ ಕಾಣೆಯಾಗುವುದೂ ಉಂಟು. ಇದು ಕೆಟ್ಟಿದೆ ಎಂದುಕೊಂಡು ಡ್ರೈವರ್ ಕಿತ್ತುಹಾಕಿದವರನ್ನು ನೋಡಿದ್ದೇನೆ. ಮೊದಲು ಹಾಡು ಹಾಕಿ, ಆಮೇಲೆ ಗುಂಡಿ ಒತ್ತಿದ್ದರೆ ಸಾಕಿತ್ತು.

ಸೆಟ್ಟಿಂಗ್ಸ್ ಕೆದಕುವ ಮೊದಲು ಮೌನ ಯಾವ ಬಗೆಯದು ಎಂದು ನೋಡಿಕೊಂಡರೆ ಅರ್ಧ ದಾರಿ ಸವೆದಂತೆ.

ಲಿನಕ್ಸ್ ಮನೆಯಲ್ಲಿ ಇದ್ದೂ ಕಾಣದ್ದು

ಲಿನಕ್ಸಿನಲ್ಲಿ ಈ ತಾಪತ್ರಯ ಇರಬಾರದು. ಪಲ್ಸ್ ಆಡಿಯೋ ಎಂಬ ಸೌಂಡ್ ವ್ಯವಸ್ಥೆ ಬಂದ ಮೇಲೆ ಪ್ರತಿ ಔಟ್‌ಪುಟ್‌ಗೂ ಒಂದೊಂದು 'ಮಾನಿಟರ್' ತಾನಾಗಿ ಹುಟ್ಟುತ್ತದೆ. ಆ ಔಟ್‌ಪುಟ್‌ಗೆ ಹೋಗುವ ಸದ್ದೆಲ್ಲ ಅಲ್ಲಿ ರೆಕಾರ್ಡಿಂಗ್ ಮೂಲವಾಗಿ ಸಿಗುತ್ತದೆ. ಚಿಪ್ಪಿನ ಹಂಗಿಲ್ಲ. ಫೆಡೋರಾ 2007ರ ಕೊನೆಯಲ್ಲಿ, ಉಬುಂಟು 2008ರಲ್ಲಿ ಇದನ್ನು ಮೂಲ ವ್ಯವಸ್ಥೆಯಾಗಿ ತಂದವು. ಅಂದರೆ ಇಲ್ಲಿ ಭರವಸೆ ಉಂಟು.

ಆದರೂ ಅಪ್‌ಗ್ರೇಡ್ ಆದ ಮೇಲೆ ಇಲ್ಲಿಯೂ ಅದೇ ದೂರು. ಏಕೆ? ಪಲ್ಸ್ ಆಡಿಯೋ ಜಾಗಕ್ಕೆ ಈಗ ಪೈಪ್‌ವೈರ್ ಬಂದಿದೆ. ಫೆಡೋರಾ 2021ರ 34ನೇ ಆವೃತ್ತಿಯಲ್ಲಿ, ಉಬುಂಟು 2022ರ ಅಕ್ಟೋಬರ್ ಆವೃತ್ತಿಯಲ್ಲಿ ಬದಲಾಯಿಸಿದವು. ಪೈಪ್‌ವೈರ್ ಬಹಳ ಸಭ್ಯ. ಹಳೆಯ ತಂತ್ರಾಂಶಗಳು ಗೊಂದಲಗೊಳ್ಳದಿರಲಿ ಎಂದು ತಾನೇ ಪಲ್ಸ್ ಆಡಿಯೋ ಎಂಬಂತೆ ನಡೆದುಕೊಳ್ಳುತ್ತದೆ. ಮಾನಿಟರುಗಳನ್ನೂ ಉಳಿಸಿಕೊಂಡಿದೆ. ಆದರೆ ಅಪ್‌ಗ್ರೇಡಿನ ಗಡಿಬಿಡಿಯಲ್ಲಿ ಮುಖ್ಯ ಔಟ್‌ಪುಟ್ ಲ್ಯಾಪ್‌ಟಾಪ್ ಸ್ಪೀಕರಿನಿಂದ ಎಚ್‌ಡಿಎಂಐಗೋ, ಯುಎಸ್‌ಬಿ ಹೆಡ್‌ಸೆಟ್ಟಿಗೋ ಬದಲಾಗಿರುತ್ತದೆ. ರೆಕಾರ್ಡಿಂಗ್ ತಂತ್ರಾಂಶ ಹಳೆಯ ಔಟ್‌ಪುಟ್‌ನ ಮಾನಿಟರಿಗೇ ಕಿವಿಗೊಟ್ಟು ಕೂತಿರುತ್ತದೆ. ಅಲ್ಲಿ ಏನೂ ನುಡಿಯುತ್ತಿಲ್ಲ. ಫಲ: ನೇರ ಗೆರೆ.

ಸರಿಪಡಿಸಲು ಪಲ್ಸ್ ಆಡಿಯೋ ವಾಲ್ಯೂಮ್ ಕಂಟ್ರೋಲ್ ಎಂಬ ಪುಟ್ಟ ತಂತ್ರಾಂಶವಿದೆ, ಪೈಪ್‌ವೈರ್ ಜೊತೆಗೂ ನಡೆಯುತ್ತದೆ. ಅಲ್ಲಿ ಎರಡು ವಿಚಿತ್ರ. ಒಂದು, ಇನ್‌ಪುಟ್ ಸಾಧನಗಳ ಪುಟದ ತಳದಲ್ಲಿರುವ ಆಯ್ಕೆ ಮೊದಲಿಂದಲೇ 'ಮಾನಿಟರುಗಳನ್ನು ಬಿಟ್ಟು ಉಳಿದವೆಲ್ಲ' ಎಂದಿರುತ್ತದೆ. ಬೇಕಾದುದನ್ನೇ ಬಿಟ್ಟು! ಎರಡು, ಯಾವ ತಂತ್ರಾಂಶ ಯಾವ ಮೂಲದಿಂದ ರೆಕಾರ್ಡ್ ಮಾಡಬೇಕು ಎಂದು ಆರಿಸುವ ಪುಟ, ರೆಕಾರ್ಡಿಂಗ್ ಓಡುತ್ತಿಲ್ಲದಿದ್ದರೆ ಖಾಲಿ. ತಪ್ಪು ಮೂಲದಿಂದಲೇ ರೆಕಾರ್ಡ್ ಶುರುಮಾಡಿ, ಅದು ಓಡುತ್ತಿರುವಾಗಲೇ ಇಲ್ಲಿಗೆ ಬಂದು ಸರಿಯಾದ ಮಾನಿಟರನ್ನು ಆರಿಸಬೇಕು. ತಪ್ಪು ಮಾಡದೆ ಸರಿಪಡಿಸಲು ಬರುವುದಿಲ್ಲ. ಒಮ್ಮೆ ಆರಿಸಿದರೆ ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಬದಲಾವಣೆಯ ತನಕ.

ಶ್ರುತಿ ಇಳಿದದ್ದು

ಮೌನವಲ್ಲದ ಇನ್ನೊಂದು ತೊಂದರೆ. ತಾಳಮದ್ದಳೆಯ ನೇರ ಪ್ರಸಾರಗಳನ್ನು ತನ್ನ ಸಂಗ್ರಹಕ್ಕೆಂದು ಹಿಡಿದಿಡುವ ಹುಡುಗನೊಬ್ಬ, "ಮಾವ, ಭಾಗವತರ ಶ್ರುತಿ ಇಳಿದಿದೆ, ಮದ್ದಳೆಯೂ ಸೋತ ಹಾಗೆ ಕೇಳ್ತದೆ" ಎಂದು ಕಡತ ಕಳಿಸಿದ್ದ. ಭಾಗವತರು ಹಾಡಿದ್ದು ಕಪ್ಪು ಎರಡರಲ್ಲಿ. ಕಡತದಲ್ಲಿದ್ದುದು ಕಪ್ಪು ಒಂದಕ್ಕೂ ಬಿಳಿ ಎರಡಕ್ಕೂ ನಡುವೆ ಎಲ್ಲೋ, ಹಾರ್ಮೋನಿಯಮ್ಮಿನ ಯಾವ ಮನೆಗೂ ಸೇರದೆ.

ಇದರ ಲೆಕ್ಕ ಸಲೀಸು. ಆಡಿಯೋ ಸಿಡಿಯಲ್ಲಿ ಸೆಕೆಂಡಿಗೆ 44,100 ಮಾದರಿಗಳು, ವಿಡಿಯೋ ಲೋಕದಲ್ಲಿ ರೂಢಿ 48,000. ಪಲ್ಸ್ ಆಡಿಯೋ ತಾನಾಗಿ ಹಿಡಿಯುತ್ತಿದ್ದ ದರ ಮೊದಲನೆಯದು, ಪೈಪ್‌ವೈರ್ ಹಿಡಿಯುವುದು ಎರಡನೆಯದು. ಸಾಮಾನ್ಯವಾಗಿ ನಡುವೆ ಪರಿವರ್ತನೆ ಆಗುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಆದರೆ ದರವನ್ನು ತನ್ನೊಳಗೆ ಬರೆದುಕೊಳ್ಳದ ಕಚ್ಚಾ ಕಡತವನ್ನು 48,000ದಲ್ಲಿ ಉಳಿಸಿ, ಹಳೆಯ ಅಭ್ಯಾಸದಂತೆ 44,100 ಎಂದು ಓದಿಸಿದರೆ, ಒಂದು ಗಂಟೆಯ ಪ್ರಸಂಗ 65 ನಿಮಿಷಕ್ಕೆ ಎಳೆಯುತ್ತದೆ. ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿಯುತ್ತದೆ. ತಿರುಗುಮುರುಗಾದರೆ ಭಾಗವತರು ಅವಸರದಲ್ಲಿರುತ್ತಾರೆ. ಸಮಾಧಾನವೆಂದರೆ ಇಲ್ಲಿ ಕಳೆದುಹೋದದ್ದು ಏನೂ ಇಲ್ಲ. ದರವನ್ನು ಸರಿಯಾಗಿ ಹೇಳಿದರೆ ಕಡತ ತಾನೇ ನೆಟ್ಟಗಾಗುತ್ತದೆ.

ಈ ದೂರನ್ನು ಮೊದಲು ಹಿಡಿಯುವುದು ಸಂಗೀತ ಗೊತ್ತಿರುವವರ ಕಿವಿಯೇ. ಬರೀ ಭಾಷಣವಾಗಿದ್ದರೆ, ಭಾಷಣಕಾರರಿಗೆ ನೆಗಡಿಯಾಗಿದೆ ಎಂದುಕೊಂಡು ಸುಮ್ಮನಾಗುತ್ತಿದ್ದೆವು.

ಮೈಕಿಲ್ಲದ ಮೈಕಿನ ಅನುಮತಿ

ಮ್ಯಾಕ್ ಬಳಸುವವರ ಕಥೆ ಬೇರೆ. ಅಲ್ಲಿ ಬಹುಕಾಲ ಒಳಗಿನ ಸದ್ದನ್ನು ಹಿಡಿಯುವ ದಾರಿಯನ್ನು ಸಿಸ್ಟಂ ಕೊಡಲೇ ಇಲ್ಲ. ಹೊರಗಿನವರು ಕಟ್ಟಿಕೊಟ್ಟರು. ಸೈಕ್ಲಿಂಗ್ 74 ಎಂಬ ಕಂಪನಿಯಿಂದ ಬಂದ ಸೌಂಡ್‌ಫ್ಲವರ್ ಒಂದು ಹುಸಿ ಸೌಂಡ್ ಕಾರ್ಡು. ಹಾಡುವ ತಂತ್ರಾಂಶಕ್ಕೆ ಅದು ಸ್ಪೀಕರ್, ರೆಕಾರ್ಡ್ ಮಾಡುವ ತಂತ್ರಾಂಶಕ್ಕೆ ಅದೇ ಮೈಕು. ಆದರೆ ಅದು ಕರ್ನಲ್ ಒಳಗೆ ಹೊಕ್ಕು ಕೂರುವ ಜಾತಿಯದು. ಆಪಲ್ ಅಂಥ ಹೊಕ್ಕುವಿಕೆಯನ್ನು ವರ್ಷ ವರ್ಷ ಬಿಗಿಗೊಳಿಸುತ್ತ ಬಂದು, 2020ರ ನವೆಂಬರ್‌ನ ಬಿಗ್ ಸರ್ ಆವೃತ್ತಿಯ ಹೊತ್ತಿಗೆ ಹಳೆಯ ಬಗೆಯ ಕರ್ನಲ್ ವಿಸ್ತರಣೆಗಳು ಸುಲಭಕ್ಕೆ ಏಳದಂತಾದವು. ಈಗ ಅದೇ ಕೆಲಸವನ್ನು ಬ್ಲ್ಯಾಕ್‌ಹೋಲ್ ಮಾಡುತ್ತದೆ, ಕರ್ನಲ್ ಮುಟ್ಟದೆ. ಅದರ ಜೊತೆಗೆ ಸ್ಪೀಕರಿನಲ್ಲೂ ಕೇಳಬೇಕೆಂದರೆ ಆಡಿಯೋ ಮಿಡಿ ಸೆಟಪ್‌ನಲ್ಲಿ ಎರಡನ್ನೂ ಸೇರಿಸಿ ಬಹು ಔಟ್‌ಪುಟ್ ಸಾಧನವೊಂದನ್ನು ಮಾಡಬೇಕು. ಮಾಡಿದೊಡನೆ ಕೀಲಿಮಣೆಯ ವಾಲ್ಯೂಮ್ ಗುಂಡಿಗಳು ಕೆಲಸ ನಿಲ್ಲಿಸುತ್ತವೆ. ಅಲ್ಲಿಗೆ ಹೊಸ ದೂರು ಶುರು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. 2018ರ ಸೆಪ್ಟೆಂಬರಿನಲ್ಲಿ ಬಂದ ಮೊಹಾವೆ ಆವೃತ್ತಿಯಿಂದ ಮುಂದೆ, ಮೈಕು ಬಳಸುವ ಯಾವ ತಂತ್ರಾಂಶವೂ ಅನುಮತಿ ಕೇಳಬೇಕು. ಬ್ಲ್ಯಾಕ್‌ಹೋಲಿನಿಂದ ರೆಕಾರ್ಡ್ ಮಾಡುವಾಗಲೂ ಸಿಸ್ಟಂ ಕೇಳುವುದು ಮೈಕಿನ ಅನುಮತಿಯನ್ನೇ. ಅಲ್ಲಿ ಮೈಕು ಇಲ್ಲ, ಕೋಣೆಯ ಸದ್ದು ಒಂದು ಚೂರೂ ಬರುವುದಿಲ್ಲ. ಆದರೆ ಒಳಬರುವುದೆಲ್ಲವೂ ಮೈಕು ಎಂಬುದು ಸಿಸ್ಟಂ ಕಟ್ಟಿಕೊಂಡ ಲೆಕ್ಕ. ಬೇಡ ಎಂದರೆ ದೋಷದ ಸಂದೇಶ ಬರುವುದಿಲ್ಲ, ಸೊನ್ನೆಗಳು ಬರುತ್ತವೆ.

ಅದೇ ವರ್ಷ ಏಪ್ರಿಲ್‌ನಲ್ಲಿ ವಿಂಡೋಸ್ 10ರಲ್ಲೂ ಇದೇ ಆಯಿತು. ಸೆಟ್ಟಿಂಗ್ಸ್‌ನ ಪ್ರೈವಸಿ ಪುಟದ ಮೈಕಿನ ಸ್ವಿಚ್ಚು ಅದುವರೆಗೆ ಸ್ಟೋರಿನಿಂದ ಇಳಿಸಿಕೊಂಡ ಆ್ಯಪ್‌ಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಆ ಅಪ್‌ಡೇಟ್ ಆದ ಮೇಲೆ ಸಾಮಾನ್ಯ ಡೆಸ್ಕ್‌ಟಾಪ್ ತಂತ್ರಾಂಶಗಳಿಗೂ ಅನ್ವಯಿಸಿತು. ವರ್ಷಗಳ ಹಿಂದೆ ಯಾವುದೋ ಆ್ಯಪ್ ಬೇಡವೆಂದು ಸ್ವಿಚ್ಚು ಆರಿಸಿ ಮರೆತವರ ರೆಕಾರ್ಡಿಂಗುಗಳೆಲ್ಲ ಒಂದು ಬೆಳಗ್ಗೆ ಮೌನವಾದವು. ಸ್ಟೀರಿಯೋ ಮಿಕ್ಸ್ ಕೂಡ ಒಳಬರುವ ಸಾಧನಗಳ ಪಟ್ಟಿಯಲ್ಲಿ ಇರುವುದರಿಂದ ಅದಕ್ಕೂ ಅದೇ ಗತಿ.

ಟಿಪ್ಪಣಿಪುಸ್ತಕದ ಅಂಚಿನಲ್ಲಿ ಬರೆದುಕೊಂಡದ್ದು: ಮೊದಲು ತಂತಿ ಇತ್ತೇ ಎಂಬುದು ಪ್ರಶ್ನೆ. ಆಮೇಲೆ ಡ್ರೈವರ್ ಇದೆಯೇ ಎಂಬುದು. ಈಗ ಒಪ್ಪಿಗೆ ಇದೆಯೇ ಎಂಬುದು. ಅದೇ ನೇರ ಗೆರೆ, ಕಾರಣ ಮಾತ್ರ ಕಾಲಕಾಲಕ್ಕೆ ಜಾಗ ಬದಲಿಸಿದೆ. ಹಳೆಯ ಪರಿಹಾರಗಳು ಹೊಸ ಆವೃತ್ತಿಯಲ್ಲಿ ಫಲಿಸದಿರುವುದು ಇದಕ್ಕೇ.

ಬ್ಲೂಟೂತ್ ಎಂಬ ಅಡ್ಡಗಾಲು

ಅಪ್‌ಗ್ರೇಡ್ ತಪ್ಪಿಲ್ಲದೆಯೂ ಅಪ್‌ಗ್ರೇಡ್ ಮೇಲೆ ಬರುವ ದೂರು ಇದು. ಬ್ಲೂಟೂತ್ ಹೆಡ್‌ಸೆಟ್ ಹಾಕಿಕೊಂಡು ರೆಕಾರ್ಡ್ ಒತ್ತಿದ ಕ್ಷಣದಲ್ಲೇ ಹಾಡು ಟೆಲಿಫೋನಿನಲ್ಲಿ ಕೇಳುವ ಹಾಗೆ ಮಂಕಾಗುತ್ತದೆ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸಂಗೀತ ಕೇಳುವ ವಿಧಾನ ಬೇರೆ, ಮಾತನಾಡುವ ವಿಧಾನ ಬೇರೆ. ಹೆಡ್‌ಸೆಟ್ಟಿನ ಮೈಕು ಬೇಕೆಂದೊಡನೆ ಅದು ಎರಡನೆಯದಕ್ಕೆ ಇಳಿಯುತ್ತದೆ. ಅಲ್ಲಿ ಸೆಕೆಂಡಿಗೆ 8,000 ಅಥವಾ 16,000 ಮಾದರಿಗಳು ಮಾತ್ರ. ಹೊಸ ಆವೃತ್ತಿ ಹೆಡ್‌ಸೆಟ್ಟಿನ ಮೈಕನ್ನು ತಾನಾಗಿ ಮುಖ್ಯ ಮೈಕಾಗಿ ಆರಿಸಿದ್ದರೆ ನಮಗೆ ಕಾಣುವುದು, ಅಪ್‌ಗ್ರೇಡ್ ಸದ್ದನ್ನು ಕೆಡಿಸಿತು ಎಂದು. ಮೈಕನ್ನು ಲ್ಯಾಪ್‌ಟಾಪಿನದಕ್ಕೆ ಬದಲಿಸಿದರೆ, ಇಲ್ಲವೇ ವೈರಿನ ಹೆಡ್‌ಫೋನ್ ಹಾಕಿಕೊಂಡರೆ ಮುಗಿಯಿತು.

ಯಾರಿಗೆ ಬೇಕು ಇದು?

ಕಳ್ಳಪ್ರತಿ ಮಾಡುವವರಿಗೆ ತಾನೇ ಎನ್ನುವವರಿದ್ದಾರೆ. ನಾನು ನೋಡಿದವರು ಬೇರೆ. ಆನ್‌ಲೈನ್ ಪಾಠ ಮಾಡುವ ಮೇಷ್ಟ್ರು, ದೂರದೇಶದಿಂದ ಅಜ್ಜಿಯ ಮಾತನ್ನು ಉಳಿಸಿಕೊಳ್ಳುವ ಮೊಮ್ಮಕ್ಕಳು, ಸಂಶೋಧಕರು. ಇವರಿಗಿಂತ ಹೆಚ್ಚಾಗಿ ಇದನ್ನೇ ನೆಚ್ಚಿಕೊಂಡವರು ದೃಷ್ಟಿದೋಷವುಳ್ಳ ಕಂಪ್ಯೂಟರ್ ಬಳಕೆದಾರರು. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಪರದೆಯಲ್ಲಿರುವುದನ್ನು ಓದಿ ಹೇಳುತ್ತದೆ, ಅದರ ಜೊತೆಗೇ ಬರುವ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಒಬ್ಬರು ಇನ್ನೊಬ್ಬರಿಗೆ ಕಲಿಸಬೇಕೆಂದರೆ ಸ್ಕ್ರೀನ್ ರೀಡರಿನ ದನಿ ಮತ್ತು ತಮ್ಮ ವಿವರಣೆ ಎರಡೂ ಒಂದೇ ಕಡತದಲ್ಲಿ ಇರಬೇಕು. ಕಣ್ಣಿರುವವರ ವಿಡಿಯೋ ಪಾಠದಲ್ಲಿ ಚಿತ್ರಕ್ಕೆ ಇರುವ ಸ್ಥಾನ ಇಲ್ಲಿ ಒಳಗಿನ ಸದ್ದಿಗೆ. ಅಪ್‌ಗ್ರೇಡ್ ಅದನ್ನು ಮುಚ್ಚಿದರೆ ಅವರ ಪರದೆಯೇ ಕಪ್ಪಾದಂತೆ. ಸರಿಪಡಿಸುವ ಸೂಚನೆಗಳೋ, "ಖಾಲಿ ಜಾಗದ ಮೇಲೆ ಬಲಗುಂಡಿ ಒತ್ತಿ" ಎಂಬಂಥವು.

ಕೇಳಿಕೊಂಡು ಕೊಡುವ ಕಾಲ

ಈಚಿನ ವರ್ಷಗಳಲ್ಲಿ ಸಿಸ್ಟಂಗಳೇ ಅಧಿಕೃತ ದಾರಿ ಮಾಡತೊಡಗಿವೆ. ಆಂಡ್ರಾಯ್ಡ್ 2019ರ ಹತ್ತನೇ ಆವೃತ್ತಿಯಿಂದ ಒಂದು ಆ್ಯಪ್‌ನ ಸದ್ದನ್ನು ಇನ್ನೊಂದು ಆ್ಯಪ್ ಹಿಡಿಯಲು ಬಿಡುತ್ತದೆ. ಆದರೆ ಫೋನಿನ ಒಡೆಯ ಒಪ್ಪಬೇಕು, ಹಾಡುತ್ತಿರುವ ಆ್ಯಪ್ ಕೂಡ ಬೇಡವೆಂದಿರಬಾರದು. ಕರೆಯ ಮಾತುಗಳು ಈ ದಾರಿಯಲ್ಲಿ ಬರುವುದೇ ಇಲ್ಲ. ವಿಂಡೋಸ್‌ನಲ್ಲಿ ಒಂದೊಂದು ತಂತ್ರಾಂಶದ ಸದ್ದನ್ನು ಬೇರೆ ಬೇರೆಯಾಗಿ ಹಿಡಿಯಬಹುದು, ಒಬಿಎಸ್ ಸ್ಟುಡಿಯೋ ಎಂಬ ರೆಕಾರ್ಡಿಂಗ್ ತಂತ್ರಾಂಶ 2022ರಲ್ಲಿ ಈ ಸೌಲಭ್ಯ ಕೊಟ್ಟಿತು. ಹಾಗೆ ಮಾಡಿದರೆ ಸಂದರ್ಶನದ ನಡುವೆ ಮೆಸೇಜಿನ ಟಿಂಗ್ ಸದ್ದು ನುಸುಳುವುದಿಲ್ಲ. ಮ್ಯಾಕ್‌ನಲ್ಲಿ 13ನೇ ಆವೃತ್ತಿಯಿಂದ ಪರದೆಯ ಜೊತೆಗೆ ಸದ್ದನ್ನೂ, 14.2ರಿಂದ ಪರದೆ ಬೇಡದೆ ಸದ್ದನ್ನಷ್ಟೇ ಹಿಡಿಯುವ ದಾರಿ ಇದೆ. ಹುಸಿ ಸೌಂಡ್ ಕಾರ್ಡು ಇನ್ನು ಅನಿವಾರ್ಯವಲ್ಲ. ಬದಲಿಗೆ ಅನುಮತಿಯ ಪುಟದಲ್ಲಿ ಹೊಸ ಸಾಲು ಸೇರಿದೆ.

ಅಲ್ಲಿಗೆ ನನ್ನ ಗೋಜಲಿಗೆ ಒಂದು ಉತ್ತರ ಸಿಕ್ಕಂತೆ. ಅಪ್‌ಗ್ರೇಡ್ ಮಾಡುವವರು ತಾವು ಕೊಟ್ಟ ಮಾತನ್ನು ಸಾಮಾನ್ಯವಾಗಿ ಉಳಿಸಿಕೊಳ್ಳುತ್ತಾರೆ. ಹಾಡು ಕೇಳಿಸುತ್ತದೆ ಎಂದು ಮಾತು ಕೊಟ್ಟಿದ್ದರು, ಕೇಳಿಸುತ್ತದೆ. ಹಿಡಿದಿಡಬಹುದು ಎಂದು ಬಹುಕಾಲ ಯಾರೂ ಮಾತು ಕೊಟ್ಟಿರಲಿಲ್ಲ. ನಾವು ನೆಚ್ಚಿಕೊಂಡದ್ದು ಚಿಪ್ಪಿನ ಕವಲನ್ನು, ಡ್ರೈವರಿನ ಉದಾರತೆಯನ್ನು, ಇನ್ಯಾರೋ ಬಿಡುವಿನಲ್ಲಿ ಬರೆದ ವಿಸ್ತರಣೆಯನ್ನು. ಈಗ ಮಾತು ಕೊಡುತ್ತಿದ್ದಾರೆ, ಷರತ್ತಿನೊಂದಿಗೆ.

ಹೊಸ ಆವೃತ್ತಿಯ ಮೊದಲ ದಿನ ನೋಡುವ ಕ್ರಮ

ಗೆಳತಿಗೆ ಬರೆದುಕೊಟ್ಟದ್ದರ ನಕಲು. ಅಪ್‌ಗ್ರೇಡಿಗೆ ಮೊದಲೇ: ಈಗ ಸದ್ದು ಯಾವ ಹೆಸರಿನ ಮೂಲದಿಂದ ಬರುತ್ತಿದೆ ಎಂದು ಕಾಗದದಲ್ಲಿ ಬರೆದಿಡು. ಆದ ಮೇಲೆ: ಹಾಡೊಂದನ್ನು ಹಾಕಿ, ಅದು ಓಡುತ್ತಿರುವಾಗಲೇ ಕೆಲವು ಸೆಕೆಂಡು ರೆಕಾರ್ಡ್ ಮಾಡು. ಗೆರೆ ನೋಡು. ಕೋಣೆಯ ಸದ್ದಿದ್ದರೆ ಮೂಲ ಬದಲಿಸು. ನೇರ ಗೆರೆಯಾದರೆ ಮೊದಲು ಪ್ರೈವಸಿ ಅನುಮತಿ ನೋಡು, ಆಮೇಲೆ ಮುಖ್ಯ ಔಟ್‌ಪುಟ್ ಯಾವುದಾಗಿದೆ ನೋಡು. ಹಳೆಯ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ನಿಷ್ಕ್ರಿಯ ಸಾಧನಗಳನ್ನು ತೋರಿಸು ಎಂದು ಕೇಳು. ರೆಕಾರ್ಡಿಂಗ್ ತಂತ್ರಾಂಶದಲ್ಲಿ ಸಾಧನಗಳನ್ನು ಮತ್ತೆ ಹುಡುಕು ಎಂಬ ಆಯ್ಕೆ ಇದ್ದರೆ ಒತ್ತು. ಡ್ರೈವರ್ ಕಿತ್ತು ಹಾಕುವುದು ಇವೆಲ್ಲ ಮುಗಿದ ಮೇಲೆ. ಕರೆಯ ರೆಕಾರ್ಡಿಂಗಿಗೆ ಹೆಡ್‌ಫೋನ್ ಇರಲೇಬೇಕು, ಇಲ್ಲದಿದ್ದರೆ ಆಚೆಯವರ ದನಿ ಒಳದಾರಿಯಿಂದ ಒಮ್ಮೆ, ಮೈಕಿನಿಂದ ತುಸು ತಡವಾಗಿ ಇನ್ನೊಮ್ಮೆ ಬರುತ್ತದೆ.

ಏನೂ ಆಗದಿದ್ದರೆ ಹೆಡ್‌ಫೋನ್ ತೂತಿನಿಂದ ಇನ್ನೊಂದು ರೆಕಾರ್ಡರಿನ ಲೈನ್ ಇನ್‌ಗೆ ತಂತಿ. ಲ್ಯಾಪ್‌ಟಾಪಿನ ಮೈಕಿನ ತೂತಿಗೆ ಬೇಡ. ಅದು ಮೈಕಿನ ಕ್ಷೀಣ ಸದ್ದಿಗೆಂದು ಮಾಡಿದ್ದು, ಸಾಮಾನ್ಯವಾಗಿ ಮೋನೋ. ಸದ್ದು ಒಡೆಯುತ್ತದೆ.

ಇನ್ನೂ ಬಗೆಹರಿಯದವು

ಒಂದು: ಅನುಮತಿ ಇಲ್ಲದಿದ್ದರೆ ಇಲ್ಲ ಎಂದು ಹೇಳಬಹುದಲ್ಲ, ಸೊನ್ನೆ ತುಂಬಿದ ಕಡತ ಏಕೆ? ಬೇಡವೆಂದದ್ದು ಆ್ಯಪ್‌ಗೆ ತಿಳಿಯದಿರಲಿ ಎಂಬ ಎಚ್ಚರ ಅರ್ಥವಾಗುತ್ತದೆ. ಆದರೆ ಬಳಕೆದಾರನಿಗೂ ತಿಳಿಯದಲ್ಲ.

ಎರಡು: ಮ್ಯಾಕ್‌ನ 2024ರ ಸೆಕ್ವೊಯಾ ಆವೃತ್ತಿ, ಪರದೆ ಹಿಡಿಯಲು ಒಮ್ಮೆ ಕೊಟ್ಟ ಒಪ್ಪಿಗೆಯನ್ನು ತಿಂಗಳಿಗೊಮ್ಮೆ ಮತ್ತೆ ಕೇಳುತ್ತದೆ. ದೀರ್ಘ ಸಂದರ್ಶನದ ನಡುವೆ ಆ ಪ್ರಶ್ನೆ ಎದ್ದು ನಿಂತರೆ ಉತ್ತರಿಸುವವರು ಯಾರು?

ಮೂರು: ಈ ಅನುಮತಿಗಳೆಲ್ಲ ಕಂಪ್ಯೂಟರಿನ ಒಡೆಯನನ್ನು ಕೇಳುತ್ತವೆ, ಆಂಡ್ರಾಯ್ಡ್ ಹಾಡುವ ಆ್ಯಪ್‌ನ ಮಾತನ್ನೂ ಕೇಳುತ್ತದೆ. ಕರೆಯ ಆಚೆ ಬದಿಯಲ್ಲಿ ಮಾತನಾಡುತ್ತಿರುವವರನ್ನು ಕೇಳುವ ಸೆಟ್ಟಿಂಗ್ ಯಾವ ಪುಟದಲ್ಲೂ ಇಲ್ಲ. ಅದನ್ನು ಈಗಲೂ ಬಾಯಿಬಿಟ್ಟೇ ಕೇಳಬೇಕು, ರೆಕಾರ್ಡ್ ಒತ್ತುವ ಮೊದಲು.